ಹೂಂ ಅನ್ನದ ರವಿವಾರ

ಗಾದಿಯ ಅರಳೆ ಗಂಟುಗಟ್ಟಿ ಬೆನ್ನಿಗೆ ಒತ್ತತೊಡಗಿತ್ತು. ಹಿಂಜಿಸಿಕೊಂಡು ಬರೋಣವೆಂದು ಕಳೆದ ತಿಂಗಳು ಅದನ್ನು ಟಂಟಂ ಗಾಡಿಗೆ ಹಾಕಿಸಿ ಲಕ್ಷ್ಮೇಶ್ವರಕ್ಕೆ ಹೋದೆ. ಗದಗಿನಲ್ಲಿ ಹಿಂಜುವವರು ಸತ್ತುಹೋದರೇನು ಎಂದು ನಮ್ಮ ಮನೆಯವರು ಕೇಳಿದರು. ಇದ್ದಾರೆ, ಬೆಟಗೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಹೋದೆ. ವಯಸ್ಸಾದಂತೆ ಇಂಥ ಹಟಗಳು ಬರುತ್ತವೆ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹತ್ತಿಯ ಧೂಳು ಮೂಗಿಗೇರಿ ಎರಡು ಸಲ ಸೀನಿದೆ. ಒಣ ಬಿಸಿಲು, ಹತ್ತಿಕಾಳಿನ ಜಿಡ್ಡು, ಯಾರ್ಯಾರದೋ ಹಾಸಿಗೆಯ ಬೆವರು ಎಲ್ಲ ಕೂಡಿದ ವಾಸನೆ ಅದು. ಮಷೀನು ನಿಂತಾಗ ಮೊಳೆಗೆ ತೂಗುಹಾಕಿದ್ದ ರೇಡಿಯೋ ಕೇಳಿಸಿತು. ಯಾವುದೋ ಮಾತುಕತೆ ನಡೆದಿತ್ತು. ಹೂಳು ತುಂಬಿದ ಬಾವಿ, ಕೊಳವೆಬಾವಿ, ಪಂಚಾಯಿತಿ ಎಂಬ ಮಾತುಗಳು ಬಂದವು. ಎರಡು ವಾಕ್ಯ ಕೇಳುವಷ್ಟರಲ್ಲಿ ನಾನು ಅರಳೆಯ ಚೀಲದ ಮೇಲೆ ಕುಳಿತುಬಿಟ್ಟೆ. ದನಿ ಸ್ವಲ್ಪ ಬಿರುಕು ಬಿಟ್ಟಿತ್ತು, ಆದರೂ ಅದು ಜೈಬೂನಳದೇ. ಇಷ್ಟು ವರ್ಷದ ಮೇಲೂ ಆ ದನಿ ಕೇಳಿದರೆ ನನ್ನ ಹೊಟ್ಟೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತದೆ.

ನಾನು ಹೊಟ್ಟೆಕಿಚ್ಚಿನವಳು. ಇದನ್ನು ಮುಚ್ಚಿಟ್ಟುಕೊಂಡು ಬರೆಯುವುದಕ್ಕಿಂತ ಬರೆಯದೇ ಇರುವುದು ಲೇಸು. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಸಮಾಜಶಾಸ್ತ್ರ ಕಲಿಸಿದೆ. ಸಮಾಜದ ಎಲ್ಲ ರೋಗಗಳನ್ನೂ ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕಿದೆ. ಇದೊಂದಕ್ಕೆ ಮಾತ್ರ ಮದ್ದು ಸಿಗಲಿಲ್ಲ.

ಇದೆಲ್ಲ ಶುರುವಾದಾಗ ಗದಗು ಆಗ ತಾನೇ ಜಿಲ್ಲೆಯಾಗಿತ್ತು. ಹಳೆಯ ದೊಡ್ಡ ಮನೆಯಿಂದ ಬೇರೆಯಾಗಿ ಒಲೆ ಹೂಡಿದ ಸೊಸೆಯ ಸಡಗರ ಊರಿಗೆ. ಅಂಗಡಿಯವರು ಬೋರ್ಡುಗಳ ಮೇಲೆ ಹಳೆಯ ಜಿಲ್ಲೆಯ ಹೆಸರಿಗೆ ಸುಣ್ಣ ಬಳಿದು ಹೊಸದನ್ನು ಬರೆಸಿದರು. ನಮ್ಮ ಕಾಲೇಜಿನಲ್ಲಿ ಛಾಪಿಸಿಟ್ಟ ಕಾಗದ ಇನ್ನೂ ಎರಡು ಕಟ್ಟು ಉಳಿದಿದ್ದರಿಂದ ಜವಾನ ಕುಳಿತು ಒಂದೊಂದು ಹಾಳೆಯಲ್ಲೂ ಹಳೆಯ ಹೆಸರನ್ನು ಹೊಡೆದು ಹೊಸದನ್ನು ಬರೆಯುತ್ತಿದ್ದ. ಆಫೀಸು ಬಂದವು, ಸಾಹೇಬರು ಬಂದರು, ಅವರಿಗೆ ಬಾಡಿಗೆ ಮನೆ ಹುಡುಕುವ ದಲಾಲರೂ ಬಂದರು. ರೇಡಿಯೋ ಕೇಂದ್ರ ಮಾತ್ರ ಹಳೆಯ ಜಿಲ್ಲೆಯಲ್ಲೇ ಉಳಿಯಿತು.

ಆ ಕೇಂದ್ರದವರು ಒಂದು ಹೊಸ ಕಾರ್ಯಕ್ರಮ ಶುರುಮಾಡಿದರು. ಹೊಸ ಜಿಲ್ಲೆಯ ಕಷ್ಟಸುಖದ ಬಗ್ಗೆ ವಾರಕ್ಕೊಮ್ಮೆ ಒಬ್ಬ ತಜ್ಞರನ್ನು ಕರೆಸಿ ಮಾತಾಡಿಸುವುದು. ಪ್ರಶ್ನೆ ಕೇಳುವ ಕೆಲಸಕ್ಕೆ ನನ್ನನ್ನು ಆರಿಸಿದರು. ನಡೆಸುತ್ತಿದ್ದವರು ದೇಸಾಯರು, ಶಿಸ್ತಿನ ಮನುಷ್ಯ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವವರು. ಮೊದಲ ದಿನವೇ ಹೇಳಿದರು: "ಮೇಡಂ, ಅವರು ಮಾತಾಡೋ ಮುಂದ ನೀವು ಹೂಂ, ಹಾಂ ಅನ್ನಬ್ಯಾಡ್ರಿ. ಟೇಪಿನ್ಯಾಗ ಕೆಮ್ಮಿದಂಗ ಕೇಳತೈತಿ. ಬರೇ ಗೋಣು ಹಾಕ್ರಿ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಎದುರಿಗೆ ಒಬ್ಬರು ಮಾತಾಡುತ್ತಿರುವಾಗ ಹೂಂ ಅನ್ನದೆ ಕುಳಿತರೆ ಸಿಟ್ಟಾಗಿದ್ದಾರೆ, ಇಲ್ಲವೇ ನಿದ್ದೆ ಹೋಗಿದ್ದಾರೆ ಎಂದರ್ಥ. ಆದರೂ ನಾನು ಕಲಿತೆ. ವಕೀಲರು, ನಿವೃತ್ತ ಡಾಕ್ಟರು, ಕೃಷಿ ಇಲಾಖೆಯವರು ಒಬ್ಬೊಬ್ಬರಾಗಿ ಬಂದರು. ಅವರು ಕಾಗದ ನೋಡಿ ಓದುತ್ತಿದ್ದರು, ನಾನು ಗೋಣು ಹಾಕುತ್ತಿದ್ದೆ. ಒಳಗೊಳಗೇ ಮಾತ್ರ, ಇವರಿಗಿಂತ ನಾನೇ ಚೆನ್ನಾಗಿ ಹೇಳುತ್ತಿದ್ದೆ, ಆ ಕಡೆಯ ಕುರ್ಚಿ ನನಗೆ ಯಾವಾಗ ಸಿಕ್ಕೀತು ಎಂದು ಕುದಿಯುತ್ತಿದ್ದೆ. ಪ್ರಶ್ನೆ ಕೇಳುವವಳನ್ನು ಯಾರೂ ತಜ್ಞೆ ಅನ್ನುವುದಿಲ್ಲ.

ಶ್ರಾವಣದಲ್ಲಿ ಜೈಬೂನ ಬಂದಳು.

ಜೈಬುನ್ನಿಸಾ ನದಾಫ. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಯಳವತ್ತಿಯಿಂದ ಬಸ್ಸಿಗೆ ಬರುತ್ತಿದ್ದೆ. ಸಂಜೆಯ ಬಸ್ಸು ತಡವಾದ್ದರಿಂದ ಅಷ್ಟು ಹೊತ್ತು ಅವರ ಅಂಗಡಿಯಲ್ಲಿ ಕೂಡುತ್ತಿದ್ದೆ. ಅವಳಪ್ಪ ಗಾದಿ ಹಿಂಜುವವರು. ಆಗ ಮಷೀನು ಇರಲಿಲ್ಲ, ಬಿಲ್ಲು. ಚಾಚಾ ಆ ಬಿಲ್ಲಿನ ತಂತಿಯನ್ನು ಮೀಟಿ ಅರಳೆ ಹಾರಿಸುತ್ತಿದ್ದರೆ ನಾವು ಪಕ್ಕದಲ್ಲಿ ಪಾಠ ಒಪ್ಪಿಸುತ್ತಿದ್ದೆವು. ಒಪ್ಪಿಸುವವಳು ಅವಳು, ಹೂಂ ಅನ್ನುವವಳು ನಾನು. ನನ್ನ ಗಮನ ಅತ್ತಿತ್ತ ಹೋಗಿ ಹೂಂ ತಪ್ಪಿದರೆ ಅವಳ ಪಾಠವೂ ಅಲ್ಲೇ ನಿಲ್ಲುತ್ತಿತ್ತು. ಎಷ್ಟೇ ಬಾಯಿಪಾಠವಾಗಿದ್ದರೂ ಮುಂದಿನ ಸಾಲು ಬರುತ್ತಿರಲಿಲ್ಲ. "ಹೂಂ ಅನ್ನೋರು ಇಲ್ಲಂದ್ರ ಮಾತಿಗೆ ದಾರಿ ಸಿಗಂಗಿಲ್ಲವಾ," ಎಂದು ಚಾಚಾ ನಗುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ನಾನೇ ಮೊದಲು, ಅವಳು ಎರಡನೆಯವಳು. ಆ ಎರಡು ಅಂಕದ ಅಂತರದ ಮೇಲೆ ನಮ್ಮ ಸ್ನೇಹ ಸುಖವಾಗಿತ್ತು.

ಆಮೇಲೆ ಅವಳು ರಸಾಯನಶಾಸ್ತ್ರ ಓದಿ ಡಾಕ್ಟರೇಟ್ ಮಾಡಿದಳು. ನಾನೂ ಹೆಸರು ಹಚ್ಚಿದ್ದೆ. ಮದುವೆ, ಬಾಣಂತನ, ನೌಕರಿ ಎಂದು ಪ್ರಬಂಧ ಮೂರನೇ ಅಧ್ಯಾಯದಲ್ಲಿ ಮಲಗಿತು, ಇನ್ನೂ ಎದ್ದಿಲ್ಲ. ಗದಗಿನ ಇನ್ನೊಂದು ಕಾಲೇಜಿಗೆ ಅವಳು ಬಂದಾಗ ಮನೆಗೆ ಕರೆದು ಹೋಳಿಗೆ ಮಾಡಿ ಹಾಕಿದೆ. ಹಾಕುವಾಗ ತುಪ್ಪ ಕಡಿಮೆ ಬಡಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವಳ ಕೆಲಸ ನೀರಿನದು. ರಜೆ ಸಿಕ್ಕರೆ ಸಾಕು, ಖಾಲಿ ಬಾಟಲಿಗಳ ಚೀಲ ಹಿಡಿದು ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಹೋಗಿ ಬೋರಿನ, ಬಾವಿಯ ನೀರು ತುಂಬಿಕೊಂಡು ಬರುತ್ತಿದ್ದಳು. ಬಸ್ಸಿನ ಕಂಡಕ್ಟರುಗಳು ಅವಳಿಗೆ ನೀರಿನಬಾಯಿ, ಅಂದರೆ ನೀರಿನ ಅಕ್ಕ, ಎಂದು ಹೆಸರಿಟ್ಟಿದ್ದರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ದೊಡ್ಡವರ ಮೊಳಕಾಲು ಮಡಚಲು ಬಾರದಂತೆ ಸೆಟೆಯುತ್ತವೆ ಎಂದು ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದಳು. ದೇಸಾಯರ ಕಿವಿಗೂ ಅದು ಬಿದ್ದಿತ್ತು.

ಮೊದಲ ರೆಕಾರ್ಡಿಂಗಿನ ದಿನ ಜಿಟಿಜಿಟಿ ಮಳೆ. ಸ್ಟುಡಿಯೋದ ಗೋಡೆಗೆಲ್ಲ ಮೆತ್ತೆ ಬಡಿದಿರುತ್ತಾರಲ್ಲ, ಅಲ್ಲಿ ನಮ್ಮ ಮಾತು ನಮಗೇ ವಾಪಸು ಬರುವುದಿಲ್ಲ. ಕೆಂಪು ದೀಪ ಹತ್ತಿತು. ನಾನು ಪ್ರಶ್ನೆ ಕೇಳಿ ಗೋಣು ಹಾಕಿದೆ. ಜೈಬೂನ ಮೂರು ವಾಕ್ಯ ಹೇಳಿ ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ಮೂರಕ್ಕೇ ನಿಂತಳು. ಮೂರನೇ ಸಲವೂ ಹಾಗೇ ಆಯಿತು. ದೇಸಾಯರು ಗಾಜಿನ ಆ ಕಡೆಯಿಂದ ಎದ್ದು ಬಂದು ನನ್ನನ್ನು ಬಾಗಿಲಿಗೆ ಕರೆದರು. "ಇವರ ಕೈಲಿ ಆಗೂದಿಲ್ಲ ಕಾಣಸತೈತಿ. ಅವರ ಕಾಗದ ಇಸಗೊಂಡು ನೀವ ತಜ್ಞರಾಗಿ ಮಾತಾಡತೀರೇನು? ಪ್ರಶ್ನಿ ನಾ ಕೇಳತೀನಿ."

ನಾನು ಎಷ್ಟು ತಿಂಗಳಿಂದ ಕಾದ ಮಾತು ಅದು. ಹೂಂ ಎಂದು ಹೇಳಲು ಬಾಯಿ ತೆರೆದೇ ಇದ್ದೆ. ಅಷ್ಟರಲ್ಲಿ ಒಳಗೆ ಜೈಬೂನ ತನ್ನಷ್ಟಕ್ಕೆ ತಾನೇ, "ಬೋರಿನ ನೀರು ನೋಡಾಕ ತಿಳಿ ಇರತೈತಿ…" ಎಂದು ತಾಲೀಮು ಮಾಡುತ್ತಿದ್ದಳು. ನನ್ನ ಹೂಂ ಹೊರಟಿದ್ದು ದೇಸಾಯರಿಗೆ. ಹಿಡಿದುಕೊಂಡದ್ದು ಅವಳು. ಹಳೆಯ ಅಂಗಡಿಯ ಅಭ್ಯಾಸ, ನೋಡಿ. ಆ ಒಂದು ಹೂಂ ಕಿವಿಗೆ ಬಿದ್ದದ್ದೇ ತಡ, ಮುಂದಿನ ಮಾತು ತಾನಾಗಿ ಬಂತು. ಹಳ್ಳಿಯ ಹುಡುಗಿಯೊಬ್ಬಳು ನಗುವಾಗ ಸೆರಗು ಅಡ್ಡ ಹಿಡಿಯುವುದರಿಂದ ಶುರುಮಾಡಿ, ಅವಳ ಅಜ್ಜ ಕಟ್ಟೆ ಇಳಿಯಲಾರದೆ ಕುಳಿತೇ ಸರಿಯುವತನಕ ಹೇಳಿದಳು. ದೇಸಾಯರು ನಿಂತಲ್ಲೇ ನಿಂತರು. "ಹಿಂಗ ಮಾತಾಡಸ್ರಿ ಅವರನ್ನ. ಆ ಹೂಂ ಇರಲಿ," ಎಂದರು. ನನ್ನ ಕುತ್ತಿಗೆಗೆ ನಾನೇ ಹಗ್ಗ ಹೊಸೆದಂತಾಯಿತು.

ಒಂದೇ ವಾರದ ಅತಿಥಿಯಾಗಿ ಬಂದವಳನ್ನು ತಿಂಗಳಿಗೆ ಎರಡು ಸಲ ಕರೆಯತೊಡಗಿದರು. ನೀರಾಯಿತು, ಹೆಣ್ಣುಮಕ್ಕಳು ಶಾಲೆ ಬಿಡುವುದಾಯಿತು, ಬಸ್ಸಿಲ್ಲದ ಊರುಗಳಾಯಿತು. ಯಾವ ವಿಷಯ ಕೊಟ್ಟರೂ ಅದನ್ನು ಒಂದು ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿ ಮಾತಾಡುತ್ತಿದ್ದಳು. ಹಿಂಗಾರಿ ಬಿತ್ತಿಗೆ ಮುಗಿಯುವಷ್ಟರಲ್ಲಿ ಅವಳ ಹೆಸರು ಮನೆಮಾತಾಯಿತು. ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ದನಿ ಗುರುತು ಹಿಡಿದು ಹತ್ತಿರ ಬಂದರು. ನಾನು ಸೆರಗು ಸರಿಮಾಡಿಕೊಂಡೆ. "ನೀವು ರೇಡಿಯೋದಾಗ ಬರತೀರಲ್ರಿ?" ಎಂದರು. ಹೌದೆಂದೆ. "ನಿಮ್ಮ ಜೋಡಿ ಮಾತಾಡತಾರಲ್ರಿ, ಅವರ ಮನಿ ಎಲ್ಲಿ ಬರತೈತ್ರಿ?" ಎಂದರು. ನಮ್ಮ ಮನೆಯವರು ಕೂಡ, ವಕೀಲರು ಡಾಕ್ಟರು ಬಂದ ವಾರ ಪೇಪರು ಓದುತ್ತಲೇ ಕೇಳುತ್ತಿದ್ದವರು, ಅವಳ ವಾರ ಪೇಪರು ಮಡಚಿ ಇಡುತ್ತಿದ್ದರು. ಅಂದು ಮಧ್ಯಾಹ್ನ ಅವರಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗುತ್ತಿತ್ತು.

ಕೇಳುಗರ ಪೋಸ್ಟ್‌ಕಾರ್ಡುಗಳನ್ನು ದೇಸಾಯರು ನಮಗೆ ಓದಲು ಕೊಡುತ್ತಿದ್ದರು. ಊರಿನ ಹೆಸರಿನ ಕೆಳಗೆ "ಜಿಲ್ಲೆ: ಗದಗ" ಎಂದು ಬರೆದು ಎರಡೆರಡು ಗೆರೆ ಎಳೆದ ಕಾರ್ಡುಗಳು. ಜೈಬೂನಳ ಮಾತು ಜೇನು, ಜೈಬೂನಳ ಮಾತು ಕಣ್ಣು ತೆರೆಸಿತು. ನನ್ನ ಬಗ್ಗೆ ಬಂದದ್ದು ಒಂದೇ ಕಾರ್ಡು. "ಜೈಬೂನ ಮೇಡಂ ಅವರು ಬಹಳ ಚಂದ ಹೇಳುತ್ತಾರೆ. ಆದರೆ ನಡುನಡುವೆ ಯಾರೋ ಹೂಂ, ಹೂಂ ಅನ್ನುತ್ತಾರೆ. ದಯಮಾಡಿ ಅದನ್ನು ತೆಗೆದುಹಾಕಬೇಕು."

ಜೈಬೂನ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು ಮನೆಗೆ ತಂದೆ, ವರ್ಷಗಟ್ಟಲೆ ಎಸೆಯಲಿಲ್ಲ.

ಎಳ್ಳಮವಾಸ್ಯೆ ಕಳೆದ ಮೇಲೆ, ಹೊಲದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ, ಅವಳು ನನ್ನನ್ನು ಮುಂಡರಗಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಊರಿನ ಹೆಸರು ಬೇಡ. ಅಲ್ಲಿ ಗುಡಿಯ ಮುಂದೆ ಒಂದು ಬೋರು ಇತ್ತು. ಅರ್ಜಿ ಕೊಟ್ಟು, ಕೈಕಾಲು ಬಿದ್ದು ಹಾಕಿಸಿಕೊಂಡ ಬೋರು. ಹೊಡೆದ ದಿನ ಊರಿಗೆಲ್ಲ ಸಕ್ಕರೆ ಹಂಚಿದ್ದರಂತೆ. ಅದು ಬಂದ ಮೇಲೆ ಊರ ಹೊರಗಿನ ಹಿರೇಬಾವಿಯನ್ನು ಕೈಬಿಟ್ಟಿದ್ದರು. ಜೈಬೂನ ಎರಡರ ನೀರನ್ನೂ ಪರೀಕ್ಷಿಸಿದ್ದಳು. ಬೋರಿನ ನೀರು ಕುಡಿಯಬಾರದ್ದು. ಹೂಳು ತೆಗೆದರೆ ಬಾವಿಯ ನೀರು ಕುಡಿಯಲು ಬರುವಂಥದ್ದು. ಅಂಗನವಾಡಿ ನಡೆಸುವ ಗಂಗವ್ವ ಎಂಬ ಹೆಣ್ಣುಮಗಳೊಬ್ಬಳೇ ಇದನ್ನು ನಂಬಿ ಓಣಿ ಓಣಿಗೆ ಹೇಳಿ ಬೈಸಿಕೊಂಡಿದ್ದಳು.

ಆ ಊರಿನ ಹಿರಿಯ ಈರಪ್ಪಜ್ಜ ನಮಗೆ ಮಂಡಕ್ಕಿ, ಚಹಾ ಕೊಡಿಸಿ ಹೇಳಿದ: "ಹಾಳಿ ಮ್ಯಾಲ ಯಾರರ ಏನರ ಬರೀತಾರ್ರಿ. ಈ ಗಂಗವ್ವಂದು ಬಿಡ್ರಿ, ಮದಲ ಬಾಯಿ ಜೋರು. ಆದ್ರ ರೇಡಿಯೋದಾಗ ಸುಳ್ಳು ಹೇಳಂಗಿಲ್ಲ. ನಮ್ಮೂರ ಹೆಸರು ತಗೊಂಡು, ಈ ಬೋರಿನ ನೀರು ಬ್ಯಾಡ, ಹಿರೇಬಾವಿ ನೀರು ಕುಡೀರಿ ಅಂತ ರೇಡಿಯೋದಾಗ ಹೇಳಿಬಿಡ್ರಿ. ಮರುದಿನ ಬಾವಿಗೆ ಇಳಿದು ನಾವ ಹೂಳು ತೆಗಿತೀವಿ."

"ಹೇಳತೀನಜ್ಜ," ಎಂದಳು ಜೈಬೂನ. ಗಂಗವ್ವ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ಕೈ ಯಾರೂ ಹಿಡಿಯಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದಾಗ ದೇಸಾಯರು ನೀರಿನ ಮಾತುಕತೆಯನ್ನು ನೇರ ಪ್ರಸಾರ ಮಾಡಲು ನಿಶ್ಚಯಿಸಿದರು. ರವಿವಾರ ಮುಂಜಾನೆ, ಇಪ್ಪತ್ತು ನಿಮಿಷ. "ಹೊಸ ಸಾಹೇಬರೆಲ್ಲ ಕೇಳತಾರ. ನೆಟ್ಟಗ ಆಗಬೇಕ ನೋಡ್ರಿ," ಎಂದರು. ಜೈಬೂನ ಒಂದು ಚೀಟಿಯಲ್ಲಿ ಊರಿನ ಹೆಸರು, ಬೋರು, ಬಾವಿ ಎಲ್ಲ ಬರೆದು ತಂದಿದ್ದಳು. ಕೊನೆಗೆ ಹೇಳುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಆ ಹೊತ್ತಿಗೆ ಆ ಹಳ್ಳಿಯ ಜನ ಶಾಲೆಯ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಸುತ್ತ ಕುಳಿತಿದ್ದರು ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ದೇಸಾಯರು ಅವಳಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ಬರೋ ವರ್ಷ ನಿಮ್ಮ ಹೆಸರಿನ ಮ್ಯಾಲ ಕಾರ್ಯಕ್ರಮ ಮಾಡೋಣು. ಪ್ರಶ್ನಿ ಕೇಳೋರು ಯಾರಾದ್ರೂ ನಡೀತೈತಿ."

ಯಾರಾದರೂ ನಡೆಯುತ್ತದೆ.

ಕೆಂಪು ದೀಪ ಹತ್ತಿತು. ನಮಸ್ಕಾರ ಹೇಳಿ ಮೊದಲ ಪ್ರಶ್ನೆ ಕೇಳಿದೆ. ಜೈಬೂನ ಶುರು ಮಾಡಿದಳು. ಮೊದಲ ವಾಕ್ಯ. ಎರಡನೆಯದು. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ನಾನು ತುಟಿ ಬಿಗಿದುಕೊಂಡು ಬಹಳ ಶಿಸ್ತಿನಿಂದ ಗೋಣು ಹಾಕಿದೆ. ಯಾರು ಏನು ಅನ್ನುವ ಹಾಗಿದ್ದರು? ನನಗೆ ಮೊದಲ ದಿನ ಕಲಿಸಿದ್ದೇ ಅದು. ಮೂರನೇ ವಾಕ್ಯಕ್ಕೆ ಅವಳು ನಿಂತಳು. ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಇಲ್ಲದೆ ಹೋದಾಗ ಮೈ ಹೇಗೆ ಮುಗ್ಗರಿಸುತ್ತದೋ, ಅವಳ ಮುಖ ಹಾಗಾಯಿತು. ಗಾಜಿನ ಆಚೆ ದೇಸಾಯರು ಕೈಬೀಸತೊಡಗಿದರು. ರೇಡಿಯೋದಲ್ಲಿ ನಾಲ್ಕು ಕ್ಷಣದ ಮೌನ ಅಂದರೆ ನಾಲ್ಕು ಗಂಟೆ.

ಆಗ ನಾನು ಮಾತಾಡಿದೆ. ಮೊದಲು ಅವಳನ್ನು ಎತ್ತಿ ಹಿಡಿಯುವವಳ ಹಾಗೆ ಒಂದು ಮಾತು, ಆಮೇಲೆ ನನ್ನದೇ. ನಮ್ಮ ನಾಡಿನ ಕೆರೆಗಳು, ಅವುಗಳನ್ನು ಕಟ್ಟಿಸಿದವರು, ನೀರು ಮತ್ತು ಸಮಾಜದ ಸಂಬಂಧ. ಮೂರನೇ ಅಧ್ಯಾಯದಲ್ಲಿ ಮಲಗಿದ್ದ ಪ್ರಬಂಧವೆಲ್ಲ ಎದ್ದು ಕುಳಿತಿತು. ಎಷ್ಟು ನಿರರ್ಗಳವಾಗಿ ಬಂತೆಂದರೆ ಸುಖವಾಯಿತು, ಖರೆ ಹೇಳುತ್ತೇನೆ, ಅಂಥ ಸುಖ ನನಗೆ ಜೀವನದಲ್ಲಿ ಕಡಿಮೆ ಸಿಕ್ಕಿದೆ. ನಡುವೆ ಎರಡು ಸಲ ಅವಳು ಚೀಟಿ ಬಿಚ್ಚಿ ಬಾಯಿ ತೆರೆದಳು. ಎರಡು ಸಲವೂ ನಾನು ಉಸಿರು ತೆಗೆದುಕೊಳ್ಳದೆ ಮುಂದಿನ ವಾಕ್ಯಕ್ಕೆ ಹೋದೆ. ದೇಸಾಯರು ಮುಗಿಸಿರೆಂದು ಸನ್ನೆ ಮಾಡಿದರು. ಕೇಳುಗರಿಗೆ ವಂದನೆ ಹೇಳಿದೆ. ದೀಪ ಆರಿತು.

"ಮೇಡಂ, ಇವತ್ತು ಮಾನ ಉಳಿಸಿದ್ರಿ," ಎಂದರು ದೇಸಾಯರು ನನಗೆ.

ವಾಪಸು ಬರುವಾಗ ರೈಲಿನಲ್ಲಿ ನಾವು ಎದುರುಬದುರು ಕುಳಿತಿದ್ದೆವು. ಎರೆ ಹೊಲಗಳು ಬಿರುಕು ಬಿಟ್ಟಿದ್ದವು, ಕಿಟಕಿಯಿಂದ ಬಿಸಿಗಾಳಿ. ಬಹಳ ಹೊತ್ತಿನ ಮೇಲೆ ಜೈಬೂನ, "ಬೋರಿಂದು ಹೇಳಾಕ ಆಗಲಿಲ್ಲ ನೋಡು ಗಿರಿಜಾ," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ನನಗ ಏನಾತೋ ಏನೋ," ಎಂದಳು. ಚೀಟಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ನಾನು ಆಗಲೂ ಹೂಂ ಅನ್ನಲಿಲ್ಲ.

ಮರುದಿನ ಯಳವತ್ತಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವ್ವ ನನ್ನ ಒಂದು ಕಾರ್ಯಕ್ರಮವನ್ನೂ ಬಿಟ್ಟವಳಲ್ಲ. ಹೊಗಳಿಸಿಕೊಳ್ಳುವ ಆಸೆಗೇ ನಾನು ಹೋಗಿದ್ದೆ, ಚಹಾ ಕುಡಿದು ತಡೆಯಲಾಗದೆ ಕೇಳಿದೆ: "ನಿನ್ನೆ ರೇಡಿಯೋ ಕೇಳಿದೇನವ್ವ?"

"ಕೇಳಿದೆ."

"ಹೆಂಗಿತ್ತು?"

ಅವ್ವ ಮೊರದಿಂದ ಕಣ್ಣು ತೆಗೆಯಲಿಲ್ಲ. "ನೀ ಯಾಕ ಹೂಂ ಅನ್ನಲಿಲ್ಲ?"

ನಾನು ಚಹಾದ ಖಾಲಿ ಕಪ್ಪನ್ನು ಕೆಳಗಿಟ್ಟೆ.

"ಆಕಿ ನಿಂತಾಗ ನಾ ಇಲ್ಲಿ ಕುಂತು ಹೂಂ ಅಂದೆ," ಎಂದಳು ಅವ್ವ. "ನಾಕೈದು ಸಲ ಅಂದೆ. ಆಕಿಗೆ ಕೇಳಲಿಲ್ಲ."

ಆಮೇಲೆ ಜೋಳದಲ್ಲಿ ಸಿಕ್ಕ ಹರಳನ್ನು ಅಂಗಳಕ್ಕೆ ಎಸೆದು, ಉಣ್ಣುತ್ತೀಯಾ, ಹಾಗೇ ಹೋಗುತ್ತೀಯಾ ಎಂದು ಕೇಳಿದಳು. ನಾನು ಉಣ್ಣದೇ ಎದ್ದೆ. ಲಕ್ಷ್ಮೇಶ್ವರದ ಬಸ್ಸು ಹಿಡಿದೆ.

ಚಾಚಾ ಅಂಗಡಿಯಲ್ಲಿ ಬಿಲ್ಲಿಗೆ ಹೊಸ ತಂತಿ ಬಿಗಿಯುತ್ತಿದ್ದರು. ರಜೆ ಹಾಕಿ ತವರಿಗೆ ಹೋಗುವೆನೆಂದು ರೈಲಿಳಿಯುವಾಗ ಹೇಳಿದ್ದ ಜೈಬೂನ ಒಳಗೆ ಬಾಟಲಿಗಳನ್ನು ತೊಳೆಯುತ್ತಿದ್ದಳು. ಬಸ್ಸಿನಲ್ಲಿ ನಾನು ಕಟ್ಟಿಕೊಂಡು ಬಂದ ಮಾತೆಲ್ಲ ಬಾಗಿಲಿನಲ್ಲೇ ಬಿದ್ದುಹೋಯಿತು. "ಆ ಊರಿಗೆ ಹೋಗೋಣ ನಡಿ," ಎಂದಷ್ಟೇ ಅಂದೆ. ಅವಳು ನನ್ನನ್ನು ಒಂದು ಸಲ ನೋಡಿದಳು. ಕೈ ಒರೆಸಿಕೊಂಡು, "ಬುಧವಾರ ಹೋಗೋಣ. ಆವತ್ತ ಮುಂಡರಗಿಯಿಂದ ಮುಂಜಾನಿ ಬಸ್ ಐತಿ," ಎಂದಳು.

ಬುಧವಾರ ಈರಪ್ಪಜ್ಜ ನಮಗೆ ಚಹಾ ಕೊಡಿಸಲಿಲ್ಲ. ಶಾಲೆಯ ಕಟ್ಟೆಯ ಮೇಲೆ ಹತ್ತು ಹದಿನೈದು ಜನ ಸೇರಿದರು, ಅಷ್ಟೇ. ಗಂಗವ್ವ ಒಂದು ಮೂಲೆಯಲ್ಲಿ ನಿಂತಿದ್ದಳು. "ಆವತ್ತು ಊರಿಗೂರ ಕುಂತಿತ್ತವಾ ಇಲ್ಲಿ," ಎಂದ ಅಜ್ಜ. "ಯಾರೋ ಒಬ್ಬಾಕಿ ಕೆರಿ ಪುರಾಣ ಹೇಳಿ ಎದ್ದು ಹೋದ್ಲು. ಬೋರಿನ ಸುದ್ದಿ ಬರಲೇ ಇಲ್ಲ. ಈ ಗಂಗವ್ವನ ಮುಖ ನೋಡಾಕ ಆಗಲಿಲ್ಲ ನಮಗ."

"ಆ ಒಬ್ಬಾಕಿ ನಾನ ಅಜ್ಜ," ಎಂದೆ.

ಯಾರೂ ನಗಲಿಲ್ಲ. ಜೈಬೂನ ಚೀಟಿಯನ್ನು ತೆಗೆದಳು. ಅದೇ ಚೀಟಿ, ಮಡಿಕೆಯಲ್ಲಿ ಹರಿದಿತ್ತು. ಮಾತು ಶುರು ಮಾಡುವ ಮೊದಲು ನನ್ನ ಕಡೆಗೆ ಬಾಗಿ, ನನಗಷ್ಟೇ ಕೇಳುವ ಹಾಗೆ, "ಇವತ್ತರ ಹೂಂ ಅಂತೀಯಿಲ್ಲೋ?" ಎಂದಳು.

ಅಂದರೆ ರೈಲಿನಲ್ಲೂ ಅವಳಿಗೆ ಗೊತ್ತಿತ್ತು. ಸ್ಟುಡಿಯೋದಲ್ಲೂ ಗೊತ್ತಿತ್ತು. ತನಗೆ ಏನಾಯಿತೋ ಎಂದು ಅವಳು ಅಂದದ್ದು, ನಾನಾಗಿ ಬಾಯಿ ಬಿಡಲಿ ಎಂದು ದಾರಿ ಬಿಟ್ಟುಕೊಟ್ಟದ್ದು.

"ಹೂಂ," ಎಂದೆ.

ಅವಳು ಹೇಳಿದಳು. ಪ್ರತಿ ಮಾತಿಗೂ ನಾನು ಹೂಂ ಅಂದೆ. ಗಂಟಲು ಒಣಗುವ ತನಕ ಅಂದೆ. ಸ್ವಲ್ಪ ಹೊತ್ತಿನ ಮೇಲೆ ಮೂಲೆಯಿಂದ ಗಂಗವ್ವನೂ ಅನ್ನತೊಡಗಿದಳು, ಆಮೇಲೆ ಇನ್ನೊಂದಿಬ್ಬರು ಹೆಣ್ಣುಮಕ್ಕಳು. ಈರಪ್ಪಜ್ಜ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ, "ರೇಡಿಯೋದಾಗ ಬಂದಿದ್ರ ಆಗತಿತ್ತು," ಎಂದು ಪಂಚೆ ಝಾಡಿಸಿ ಎದ್ದ.

ಯುಗಾದಿಗೆ ಮುಂಚೆ ಗಂಗವ್ವನ ಓಣಿಯವರು ಬಾವಿಗೆ ಇಳಿದು ಹೂಳು ತೆಗೆದರು. ಅವರಷ್ಟೇ ಆ ನೀರು ಕುಡಿದರು. ಉಳಿದ ಊರು ಆ ಬೇಸಿಗೆಯಿಡೀ ಬೋರಿನ ನೀರನ್ನೇ ಕುಡಿಯಿತು. ಮಳೆಗಾಲ ಕಳೆದು, ಸರಕಾರದವರೇ ಬಂದು ಕುಡಿಯಬಾರದೆಂದು ಬೋರಿಗೆ ಕೆಂಪು ಬಣ್ಣ ಬಳಿಯುವ ತನಕ ಕುಡಿಯಿತು. ಆ ಬೇಸಿಗೆಯಲ್ಲಿ ಆ ಊರಿನಲ್ಲಿ ಎಷ್ಟು ಮಕ್ಕಳಿಗೆ ಹೊಸ ಹಲ್ಲು ಮೂಡಿತೋ ನಾನು ಕೇಳಲು ಹೋಗಲಿಲ್ಲ. ದೇಸಾಯರಿಗೆ ಹೇಳಿ ಇನ್ನೊಂದು ಸಲ ನೀರಿನ ಮಾತು ಇಡಿಸಲು ನೋಡಿದೆ. ಮುಂದಿನ ವಾರಗಳ ವಿಷಯ ಆಗಲೇ ನಿಗದಿಯಾಗಿತ್ತು. ಅದಲ್ಲದೆ, ನೇರ ಪ್ರಸಾರದಲ್ಲಿ ನಿಂತುಹೋದ ತಜ್ಞೆಯನ್ನು ಮತ್ತೆ ಕರೆಯಲು ಅವರಿಗೆ ಧೈರ್ಯವಿರಲಿಲ್ಲ. ಯಾಕೆ ನಿಂತಳೆಂದು ಅವರಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ. ಅವಳ ಹೆಸರಿನ ಕಾರ್ಯಕ್ರಮ ಆಗಲೇ ಇಲ್ಲ. ಆ ಕಡೆಯ ಕುರ್ಚಿಗೆ ನನ್ನನ್ನು ಕರೆದರು. ಎರಡು ಸಲ ಹೋದೆ, ಬಹಳ ಚೆನ್ನಾಗಿ ಮಾತಾಡಿದೆ, ಒಂದು ಕಾರ್ಡೂ ಬರಲಿಲ್ಲ.

ಜೈಬೂನ ಜಗಳವಾಡಿದ್ದರೆ ಹಗುರಾಗುತ್ತಿತ್ತು. ಅವಳು ಆಡಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಕೈ ಹಿಡಿದು ಮಕ್ಕಳು ಮರಿ ವಿಚಾರಿಸಿದಳು. ಚಾಚಾ ತೀರಿಕೊಂಡಾಗ ಹೋದೆ, ಪಕ್ಕದಲ್ಲಿ ಕೂರಿಸಿಕೊಂಡಳು. ಆದರೆ ನನ್ನ ಎದುರಿಗೆ ಮೂರು ವಾಕ್ಯಕ್ಕಿಂತ ಹೆಚ್ಚು ಮತ್ತೆಂದೂ ಮಾತಾಡಲಿಲ್ಲ.

ಇದೆಲ್ಲ ಅರಳೆಯ ಚೀಲದ ಮೇಲೆ ಕುಳಿತು ನೆನಪಾಯಿತು. ಚಾಚಾನ ಅಂಗಡಿ ಇದ್ದ ಅದೇ ಸಾಲು, ಆದರೆ ಅಂಗಡಿ ಬೇರೆಯವರದು. ರೇಡಿಯೋದಲ್ಲಿ ಜೈಬೂನ ಹಿರೇಬಾವಿಯ ಕತೆಗೆ ಬಂದಿದ್ದಳು. ಊರಿನ ಹೆಸರು ಹೇಳಿದಳು, ಗಂಗವ್ವನ ಹೆಸರು ಹೇಳಿದಳು. ನನ್ನ ಹೆಸರು ಬರುತ್ತದೇನೋ ಎಂದು ಚೀಲದ ಮೇಲೆ ಮುಂದಕ್ಕೆ ಸರಿದು ಕಿವಿಗೊಟ್ಟೆ. ಬರಲಿಲ್ಲ, ಒಳ್ಳೆಯದಕ್ಕೂ ಬರಲಿಲ್ಲ, ಕೆಟ್ಟದ್ದಕ್ಕೂ ಬರಲಿಲ್ಲ.

ಅವಳನ್ನು ಮಾತಾಡಿಸುತ್ತಿದ್ದವಳು ಯಾರೋ ಎಳೆಯ ಹುಡುಗಿ. ಈಗಿನವರಿಗೆ ಹೂಂ ಅನ್ನಬಾರದೆಂಬ ಕಟ್ಟಳೆ ಇಲ್ಲವೇನೋ. ಆ ಹುಡುಗಿ ಎಷ್ಟು ಚೆನ್ನಾಗಿ ಹೂಂ ಅನ್ನುತ್ತಿದ್ದಳು, ಒಂದು ಕಡೆ ಮೆಲ್ಲಗೆ, ಒಂದು ಕಡೆ ಬೆರಗಿನಿಂದ, ಒಂದು ಕಡೆ ಬರೀ ಉಸಿರಿನಲ್ಲಿ. ಪ್ರತಿ ಹೂಂ ಸರಿಯಾದ ಜಾಗಕ್ಕೆ ಬೀಳುತ್ತಿತ್ತು, ಅದರ ಮೇಲೆ ಕಾಲಿಟ್ಟು ಜೈಬೂನ ಮುಂದೆ ನಡೆಯುತ್ತಿದ್ದಳು. ಆಗ ನನಗೆ ತಿಳಿಯಿತು, ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಜೈಬೂನಳನ್ನು ಕಂಡು ಅಲ್ಲ. ಆ ಹುಡುಗಿಯನ್ನು ಕಂಡು.

ಜೈಬೂನ ಒಂದು ಕಡೆ ತಡೆದಳು. ವಯಸ್ಸಾಯಿತಲ್ಲ, ಪದ ಸಿಗಲಿಲ್ಲವೇನೋ. ಆ ಹುಡುಗಿಯೂ ಒಂದು ಗಳಿಗೆ ಸುಮ್ಮನಾದಳು.

"ಹೂಂ," ಎಂದೆ ನಾನು.

ಅಂಗಡಿಯವನು ತಿರುಗಿ ನೋಡಿದ. "ಏನ್ರಿ ಬಾಯಾರ?"

"ನಿನಗಲ್ಲಪ್ಪ," ಎಂದೆ. ಅವನು ಮಷೀನು ಚಾಲೂ ಮಾಡಿದ. ರೇಡಿಯೋ ಕೇಳಿಸದಾಯಿತು.